ಅಚ್ಚಿಲ್ಲದ ರಂಗೋಲಿ

ನಿಮ್ಮದು ಓಎಲ್‌ಇಡಿ ಫೋನಾ? ಹಾಗಾದ್ರೆ ಸ್ಕ್ರೀನಲ್ಲಿ ಬೆಳಗ್ತಿರೋದು ಆರ್ಗ್ಯಾನಿಕ್ ಅಣುಗಳು. ತರಕಾರಿ ಅಂಗಡಿಯ ಆರ್ಗ್ಯಾನಿಕ್ ಅಲ್ಲ, ಇಂಗಾಲದ ಅಣುಗಳು. ಅವನ್ನು ಆವಿ ಮಾಡಿ, ಸಣ್ಣ ತೂತುಗಳ ಲೋಹದ ಹಾಳೆಯ ಮೂಲಕ ಕೂರಿಸ್ತಾರೆ. ಥೇಟ್ ರಂಗೋಲಿ ಅಚ್ಚು! ಆದರೆ ಅಚ್ಚಿನ ಮೇಲೇ ಬಿದ್ದು ದುಬಾರಿ ಪುಡಿ ವ್ಯರ್ಥವಾಗುತ್ತೆ.

ಅಚ್ಚೇ ಇಲ್ಲದಿದ್ದರೆ? ಜರ್ಮನಿಯ ಮ್ಯೂನ್‌ಸ್ಟರ್ ವಿಜ್ಞಾನಿಗಳು 2000ನೇ ಇಸವಿಯಲ್ಲಿ ಒಂದು ದಾರಿ ತೋರಿಸಿದರು. ಡಿಪಿಪಿಸಿ ಎಂಬ ಲಿಪಿಡ್ ನಮ್ಮ ಶ್ವಾಸಕೋಶದಲ್ಲೂ ಇದೆ. ನೀರಿನ ಮೇಲೆ ಹರಡಿದ ಅದರ ಪದರವನ್ನು ಅಭ್ರಕದ ಹಾಳೆಗೆ ಎತ್ತಿಕೊಂಡರೆ ತಾನಾಗೇ ಪಟ್ಟೆಪಟ್ಟೆಯಾಗುತ್ತೆ. ನಡುವೆ ಸುಮಾರು 200 ನ್ಯಾನೊಮೀಟರ್ ಅಗಲದ ಕಾಲುವೆಗಳು.

ಅದರ ಮೇಲೆ ಅಣುಗಳು ಹೇಗೆ ನೆಲೆಸುತ್ತವೆ ಅನ್ನೋದನ್ನು ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ನೋಡಬಹುದು. ನನಗೆ ಹಿಡಿಸಿದ್ದು ಏನಂದ್ರೆ, ಅಲ್ಲಿ ಯಾವ ಅಣುವಿಗೂ ಅಡ್ರೆಸ್ ಕೊಟ್ಟಿರಲ್ಲ. ಅಣುಗಳ ನಡುವಿನ ಸೆಳೆತ ಎಷ್ಟು, ಕಾಲುವೆಯ ಸೆಳೆತ ಎಷ್ಟು, ಇಷ್ಟೇ ನಿಯಮ. ಉಳಿದದ್ದು ಗೊತ್ತುಗುರಿಯಿಲ್ಲದ ಕುಪ್ಪಳಿಕೆ. ನಿಧಾನವಾಗಿ ಉದುರಿಸಿದರೆ ಅಲೆದಾಡಿ ಕಾಲುವೆ ಸೇರುತ್ತವೆ. ಗಡಿಬಿಡಿಯಲ್ಲಿ ಸುರಿದರೆ ಒಂದಕ್ಕೊಂದು ಅಂಟಿ, ಸಿಕ್ಕಲ್ಲೇ ಗುಂಪುಕಟ್ಟಿ ಕೂತ್ಬಿಡ್ತವೆ. ಬಿಸಿ ಏರಿಸಿದರೆ ಚುರುಕಾಗಿ ಓಡಾಡುತ್ತವೆ, ನಿಜ. ಆದರೆ ಲಿಪಿಡ್ ಪದರ ಜಾಸ್ತಿ ಬಿಸಿ ತಡೆಯಲ್ಲ.

ಹಾಗಾಗಿ ಕಾರ್ಖಾನೆಗೆ ಅವಸರವಿದ್ದರೂ ಅಣುಗಳಿಗೆ ಅವುಗಳ ಟೈಮ್ ಕೊಡಲೇಬೇಕು. ಎಷ್ಟು ಟೈಮ್ ಅನ್ನೋದನ್ನು ಲ್ಯಾಬಿಗಿಂತ ಮೊದಲು ಕಂಪ್ಯೂಟರಲ್ಲೇ ಅಂದಾಜಿಸಬಹುದು.