ಟಾಪ್ ಎಂಡ್ ತಗೋಬೇಕಾ? ಎರೆ ಹೊಲವನ್ನೊಮ್ಮೆ ಕೇಳಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಲ್ಲೇ ಹೋಗಿ, ಈಗ ಒಂದಾದರೂ ಥಾರ್ ಕಣ್ಣಿಗೆ ಬಿದ್ದೇ ಬೀಳುತ್ತೆ. ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮ ಕಡೆ ಹುಡುಗರ ವಾಟ್ಸಾಪ್ ಗ್ರೂಪಿನಲ್ಲೂ ಅದೇ ಮಾತು: "ತಗೊಂಡ್ರ ಫೋರ್ ಬೈ ಫೋರ್, ಅದೂ ಟಾಪ್ ಎಂಡ್. ಇಲ್ಲಾಂದ್ರ ಸುಮ್ಮಿರಬೇಕು."

ನಮ್ಮ ಮನೆಯಲ್ಲೂ ಎರಡು ತಿಂಗಳಿಂದ ಇದೇ ಚರ್ಚೆ. ತಮ್ಮ ಬ್ಯಾಡಗಿ ತಾಲ್ಲೂಕಿನಲ್ಲಿ ಹೊಲ ನೋಡ್ಕೊಳ್ತಾನೆ, ನಾನು ಬೆಂಗಳೂರಲ್ಲಿ ಕೋಡ್ ಬರೀತೀನಿ. ಗಾಡಿ ಇಬ್ಬರಿಗೂ ಸೇರಿದ್ದು, ಕಂತು ಅರ್ಧರ್ಧ. ಕೂತು ಲೆಕ್ಕ ಹಾಕಿದೆವು. ನಿಮಗೂ ಉಪಯೋಗಕ್ಕೆ ಬರಬಹುದು ಅಂತ ಇಲ್ಲಿ ಬರೀತಿದ್ದೀನಿ.

ನಾವು ನೋಡಿದ್ದು ಐದು ಬಾಗಿಲಿನ ಥಾರ್ ರಾಕ್ಸ್. 2024ರಲ್ಲಿ ಬಿಡುಗಡೆಯಾದಾಗಿನ ಎಕ್ಸ್-ಶೋರೂಂ ಬೆಲೆ ಇಟ್ಟುಕೊಂಡೇ ಹೇಳ್ತೀನಿ. ಡೀಸೆಲ್ ಎಂಎಕ್ಸ್5 ಮ್ಯಾನ್ಯುಯಲ್, ಹಿಂದಿನ ಚಕ್ರಕ್ಕೆ ಮಾತ್ರ ಎಳೆತ: 16.99 ಲಕ್ಷ. ಅದೇ ಎಂಎಕ್ಸ್5 ಫೋರ್ ಬೈ ಫೋರ್‌ನಲ್ಲಿ: 18.79 ಲಕ್ಷ. ಎಲ್ಲಕ್ಕಿಂತ ಮೇಲಿನ ಎಎಕ್ಸ್7ಎಲ್ ಫೋರ್ ಬೈ ಫೋರ್ ಆಟೊಮ್ಯಾಟಿಕ್: 22.49 ಲಕ್ಷ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾಗಿ ಬೆಲೆ ಇಳಿದಿದೆ, ಆದರೆ ಲೆಕ್ಕ ಮಾಡೋ ರೀತಿ ಅದೇ.

ಈಗ ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡಿ. ಕೆಳಗಿನದಕ್ಕೂ ಮೇಲಿನದಕ್ಕೂ ಇರೋ ಅಂತರ 5.5 ಲಕ್ಷ. ಅದರಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡೋ ಭಾಗಕ್ಕೆ ಹೋಗೋದು 1.8 ಲಕ್ಷ ಮಾತ್ರ. ಉಳಿದ 3.7 ಲಕ್ಷಕ್ಕೆ ಸಿಗೋದು ಆಟೊಮ್ಯಾಟಿಕ್ ಗೇರು, ದೊಡ್ಡ ಸನ್‌ರೂಫ್, ಗಾಳಿಯಾಡೋ ಸೀಟು, ಹರ್ಮನ್ ಕಾರ್ಡನ್ ಸ್ಪೀಕರ್, ಅಡಾಸ್, 19 ಇಂಚಿನ ಚಕ್ರ. ಎಂಎಕ್ಸ್5ಗೆ 18 ಇಂಚಿನ ಚಕ್ರ, ಅದರ ಟೈರಿನ ರಬ್ಬರ್ ಗೋಡೆ ಇನ್ನಷ್ಟು ಎತ್ತರ. ಕಲ್ಲು, ಗುಂಡಿ ಇರೋ ದಾರಿಗೆ ಅದೇ ಒಳ್ಳೆಯದು! ಅಂದರೆ ಟಾಪ್ ಎಂಡ್‌ನ ಹೆಚ್ಚಿನ ದುಡ್ಡು ಹೊಲದ ದಾರಿಗೆ ಹೋಗಲ್ಲ, ಹೆದ್ದಾರಿಯ ಸುಖಕ್ಕೆ ಹೋಗುತ್ತೆ. ಮಾರುತಿ ಜಿಮ್ನಿಯಲ್ಲಿ ಇದು ಇನ್ನೂ ಸ್ಪಷ್ಟ. ಅದರ ಎರಡು ವೇರಿಯಂಟ್‌ಗಳಾದ ಝೀಟಾ, ಆಲ್ಫಾ ಎರಡರಲ್ಲೂ ಫೋರ್ ಬೈ ಫೋರ್ ಇದೆ.

ಹಾಗಾದರೆ 1.8 ಲಕ್ಷ ಕೊಟ್ಟು ಫೋರ್ ಬೈ ಫೋರ್ ಆದರೂ ತಗೋಬೇಕಾ? ಇಲ್ಲಿ ನಮ್ಮ ಮಣ್ಣನ್ನೇ ಕೇಳಬೇಕು. ನಮ್ಮದು ಎರೆ ಹೊಲ. ಮಳೆ ಬಿದ್ದರೆ ಆ ಮಣ್ಣು ಚಪ್ಪಲಿಗೆ ಹೇಗೆ ಮೆತ್ತುತ್ತೋ ಟೈರಿಗೂ ಹಾಗೇ ಮೆತ್ತುತ್ತೆ. ಟೈರಿನ ಗೀರುಗಳು ತುಂಬಿ ನುಣ್ಣಗಾದ ಮೇಲೆ ಎರಡು ಚಕ್ರ ತಿರುಗಿದರೇನು, ನಾಲ್ಕು ತಿರುಗಿದರೇನು? ಕೆಸರಿನ ಟೈರ್ ಹಾಕಿಸದೆ ಬರೀ ಫೋರ್ ಬೈ ಫೋರ್ ನಂಬಿ ಅಲ್ಲಿ ಇಳಿಯೋಕಾಗಲ್ಲ. ಹಸಿ ಹೊಲಕ್ಕೆ ಗಾಡಿ ಇಳಿಸಿದರೆ ಮಣ್ಣು ಗಟ್ಟಿಯಾಗುತ್ತೆ ಅಂತ ಅಪ್ಪ ಟ್ರ್ಯಾಕ್ಟರನ್ನೂ ಬಿಡಲ್ಲ. ಒಣಗಿದ ಮೇಲೆ ಆ ದಾರಿಯಲ್ಲಿ ಬೈಕೇ ಹೋಗುತ್ತೆ.

ಇನ್ನು ಬೆಂಗಳೂರು–ಹಾವೇರಿ ಹೆದ್ದಾರಿ. ಅಲ್ಲಿ ಫೋರ್ ಬೈ ಫೋರ್ ಹಾಕಲೂಬಾರದು. ಈ ಗಾಡಿಗಳಲ್ಲಿರೋ ವ್ಯವಸ್ಥೆ ಜಾರೋ ನೆಲಕ್ಕೆ ಮಾತ್ರ. ಒಣ ಡಾಂಬರಿನ ಮೇಲೆ ಹಾಕಿ ತಿರುಗಿಸಿದರೆ ಮುಂದಿನ–ಹಿಂದಿನ ಚಕ್ರಗಳ ವೇಗ ಹೊಂದದೆ ಗೇರಿನ ಭಾಗಗಳ ಮೇಲೆ ಒತ್ತಡ ಬೀಳುತ್ತೆ. ಆರು ಏರ್‌ಬ್ಯಾಗ್, ಇಎಸ್‌ಸಿ ರಾಕ್ಸ್‌ನ ಕೆಳಗಿನ ವೇರಿಯಂಟ್‌ನಲ್ಲೇ ಇವೆ. ಬಿಡೋಕೆ ನಾನು ಹಿಂದೆಮುಂದೆ ನೋಡಿದ್ದು ಅಡಾಸ್ ಒಂದನ್ನೇ. ರಾತ್ರಿ ನಿದ್ದೆಗಣ್ಣಲ್ಲಿ ಊರಿಗೆ ಬರೋರಿಗೆ ತಾನಾಗೇ ಬ್ರೇಕ್ ಹಾಕೋ ಗಾಡಿ ಸಣ್ಣ ಮಾತಲ್ಲ. ಆದರೆ ಬೆಳಿಗ್ಗೆ ಹೊರಡೋಕೆ ದುಡ್ಡು ಬೇಕಾಗಿಲ್ಲ.

ಕೊನೆಗೆ ಕಂತು. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ 17%, 20 ಲಕ್ಷ ದಾಟಿದರೆ 18%, ತೆರಿಗೆಯ ಮೇಲೆ 11% ಸೆಸ್. ಅದನ್ನೂ ಸೇರಿಸಿದರೆ 5.5 ಲಕ್ಷದ ಅಂತರ ಸುಮಾರು 6.8 ಲಕ್ಷ ಆಗುತ್ತೆ. ವಿಮೆ ಬೇರೆ. 9% ಬಡ್ಡಿಗೆ ಐದು ವರ್ಷ ಅಂದರೆ ತಿಂಗಳಿಗೆ ಸುಮಾರು 14,100 ರೂಪಾಯಿ, ಒಟ್ಟು 8.4 ಲಕ್ಷಕ್ಕೂ ಹೆಚ್ಚು. ನೆನಪಿಡಿ, ಇದು ಗಾಡಿಯ ಕಂತಲ್ಲ, ಬರೀ ಅಂತರದ ಕಂತು.

ನನಗೆ ಸಂಬಳ ತಿಂಗಳಿಗೊಮ್ಮೆ ಬರುತ್ತೆ. ತಮ್ಮನಿಗೆ ಮೆಣಸಿನಕಾಯಿ ವರ್ಷಕ್ಕೊಮ್ಮೆ. 2024ರ ಮಾರ್ಚ್‌ನಲ್ಲಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಬೆಂಕಿಯಾಗಿದ್ದನ್ನು ಎಲ್ಲರೂ ನೋಡಿದ್ದೀವಿ. ದರ ಬಿದ್ದರೂ ಕಂತಿನ ತಾರೀಖು ಬದಲಾಗಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ತಮ್ಮ ಒಂದು ಮಾತಂದ. "ನಿನಗ ಐಡಿ ಕಾರ್ಡ್ ಐತಿ ಅಣ್ಣ. ನನಗೇನೈತಿ? ಹೊಲ ಮಾಡ್ತಾನ ಅಂದ್ರ ಹೆಣ್ಣಿನ ಕಡೆಯವರು ಮಾರಿ ತಿರುಗಸ್ತಾರ." ನನ್ನ ಎಕ್ಸೆಲ್ ಶೀಟಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಅವನು ಕೇಳ್ತಿದ್ದದ್ದು ಸನ್‌ರೂಫ್ ಅಲ್ಲ, ಮರ್ಯಾದೆ. ಅದಕ್ಕೆ ಬೆಲೆ ಇಲ್ಲ ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ.

ಅದಕ್ಕೆ ಉತ್ತರ ಕೊಟ್ಟಿದ್ದು ಅವ್ವ. "ಬಾಗಲದಾಗ ಗಾಡಿ ನಿಲ್ಲಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬಂದೋರು ಯಾವ ಮಾಡೆಲ್ ಅಂತ ಕೇಳಂಗಿಲ್ಲಪಾ, ಸಾಲ ಎಷ್ಟೈತಿ ಅಂತ ಊರಾಗ ಕೇಳ್ತಾರ."

ಎಂಎಕ್ಸ್5 ಡೀಸೆಲ್, ಹಿಂದಿನ ಚಕ್ರದ್ದನ್ನೇ ಬುಕ್ ಮಾಡಿದ್ದೀವಿ. ಬಣ್ಣ ತಮ್ಮನ ಆಯ್ಕೆ, ಕಪ್ಪು. ಮೊದಲ ವರ್ಷದ ಅವನ ಪಾಲಿನ ಕಂತನ್ನು ಮೆಣಸಿನಕಾಯಿ ಮಾರಿದ ಮೇಲೆ ಒಟ್ಟಿಗೆ ಕೊಡಲಿ, ಅಲ್ಲಿವರೆಗೆ ನಾನು ಕಟ್ಟೋದು ಅಂತ ಮಾತಾಗಿದೆ.

ನಿಮ್ಮ ಲೆಕ್ಕ ಬೇರೆ ಬರಬಹುದು. ಶಿರಸಿ, ಸಕಲೇಶಪುರ ಕಡೆ ತೋಟಕ್ಕೆ ಏರುದಾರಿ ಇದ್ದವರು ಎಂಎಕ್ಸ್5 ಫೋರ್ ಬೈ ಫೋರ್ ಕಣ್ಣುಮುಚ್ಚಿ ತಗೊಳ್ಳಿ. ವಾರ ವಾರ ಹೆದ್ದಾರಿ ಓಡಿಸೋರಿಗೆ ಅಡಾಸ್ ದುಬಾರಿ ಅಲ್ಲದೇ ಇರಬಹುದು. ಶೋರೂಂಗೆ ಹೋಗೋ ಮುಂಚೆ ಮೂರೇ ವಿಷಯ ಬರ್ಕೊಳ್ಳಿ: ವರ್ಷದಲ್ಲಿ ಎಷ್ಟು ದಿನ ಚಕ್ರ ಡಾಂಬರು ಬಿಟ್ಟು ಇಳಿಯುತ್ತೆ, ಅಂತರದ ಕಂತು ತಿಂಗಳಿಗೆ ಎಷ್ಟು, ಆ ಕಂತು ಯಾರ ದುಡಿಮೆಯಿಂದ ಹೋಗುತ್ತೆ. ಮೂರನೆಯದರ ಉತ್ತರ ಬರೀ "ನಾನು" ಅಲ್ಲದಿದ್ದರೆ, ಅವರನ್ನೂ ಕೂರಿಸಿಕೊಂಡೇ ಬರೆಯಿರಿ.