ತನ್ನ ವ್ಯಾಜ್ಯಕ್ಕೆ ತಾನೇ ವಾದಿ



ನಿವೃತ್ತ ಶಾಲಾ ಶಿಕ್ಷಕರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವನ್ನು ಬರೆದಿದ್ದಾರೆ. ಬಂಧುಗಳ ಮದುವೆಗೆಂದು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದ ಅವರು ಒಂದು ವಸತಿಗೃಹದಲ್ಲಿ ತಂಗಿದ್ದರು. ರಾತ್ರಿ ಅಲ್ಲಿಯ ಕಾವಲುಗಾರನು "ನಾನೇ ನಿಲ್ಲಿಸುತ್ತೇನೆ" ಎಂದು ಕಾರಿನ ಕೀಲಿಯನ್ನು ಪಡೆದುಕೊಂಡನಂತೆ. ಬೆಳಗ್ಗೆ ನೋಡಿದರೆ ಕಾರಿನ ಎಡಬದಿಯ ಎರಡೂ ಬಾಗಿಲುಗಳು ಜಜ್ಜಿಹೋಗಿದ್ದವು. ದುರಸ್ತಿಗೆ 46,000 ರೂಪಾಯಿ ತಗುಲಿತು. ಅವರಲ್ಲಿದ್ದುದು ಮೂರನೆಯವರ ಹಾನಿಗೆ ಮಾತ್ರ ಅನ್ವಯಿಸುವ ವಿಮೆಯಾದುದರಿಂದ ಅಲ್ಲಿಂದಲೂ ಏನೂ ದೊರೆಯಲಿಲ್ಲ. ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಿದರು. ಕೀಲಿಯನ್ನು ಕೊಟ್ಟೇ ಇಲ್ಲ, ದೂರೇ ಸುಳ್ಳು ಎಂದು ವಸತಿಗೃಹದವರು ಉತ್ತರಿಸಿದರು. ಕೀಲಿ ಕೊಟ್ಟುದಕ್ಕೆ ಚೀಟಿಯಿಲ್ಲ, "ವಾಹನಗಳು ಮಾಲೀಕರ ಹೊಣೆಯಲ್ಲಿ" ಎಂಬ ಫಲಕ ಗೋಡೆಯ ಮೇಲಿದೆ ಎಂಬ ಎರಡು ಕಾರಣಗಳಿಂದ ಆಯೋಗವು ದೂರನ್ನು ವಜಾ ಮಾಡಿದೆ.

ಈಗ ಅವರ ಪ್ರಶ್ನೆ ಇದು. ವಕೀಲರನ್ನು ನೇಮಿಸಿದರೆ ಕಾರಿಗೆ ಹೋದಷ್ಟೇ ಹಣ ಮತ್ತೆ ಹೋಗುತ್ತದೆ. ಮಗನು "ಹೋದದ್ದು ಹೋಯಿತು, ಬಿಟ್ಟುಬಿಡಿ" ಎನ್ನುತ್ತಾನೆ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಹೇಳಿಕೊಟ್ಟ ನನ್ನನ್ನು ಸುಳ್ಳುಗಾರನೆಂದು ಬರೆದುಕೊಟ್ಟಿದ್ದಾರೆ, ಇದನ್ನು ಹೇಗೆ ಸಹಿಸಲಿ? ಮೇಲ್ಮನವಿಯಲ್ಲಿ ನಾನೇ ನಿಂತು ವಾದಿಸಬಹುದೇ? ಹಾಗೆ ಮಾಡುವುದು ಉಚಿತವೇ?

ಮೊದಲ ಪ್ರಶ್ನೆಗೆ ಉತ್ತರ ಸುಲಭ. ವಾದಿಸಬಹುದು. ಇದು ಇಂದು ನಿನ್ನೆಯ ಮಾತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನವನ್ನು ಬರೆದನು. ಆಸ್ತಿ ವಿಭಾಗದ ವಿಷಯದಲ್ಲಿ ಅದರ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದರ ವ್ಯವಹಾರಾಧ್ಯಾಯವನ್ನು ಓದಿದವರು ವಿರಳ. ಸಹೋದರನೂ ಅಲ್ಲದ, ತಂದೆಯೂ ಮಗನೂ ಅಲ್ಲದ, ನಿಯುಕ್ತನೂ ಅಲ್ಲದವನು ಪರರ ವ್ಯಾಜ್ಯದಲ್ಲಿ ಮಾತನಾಡಿದರೆ ದಂಡನೀಯನೆಂದು ಪ್ರಾಚೀನ ಧರ್ಮಶಾಸ್ತ್ರಕಾರರು ಹೇಳಿದ್ದಾರೆ. ಎಂದರೆ ವ್ಯಾಜ್ಯ ಯಾರದೋ ಮಾತೂ ಅವರದೇ. ಪ್ರತಿನಿಧಿಯು ನೇಮಕದಿಂದ ಮಾತ್ರ ಬರತಕ್ಕವನು. ಇಂದಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶವೂ ಪಕ್ಷಕಾರನು ಸ್ವತಃ ಹಾಜರಾಗುವುದನ್ನು ಒಪ್ಪುತ್ತದೆ. ಗ್ರಾಹಕ ಆಯೋಗಗಳಂತೂ ಸಾಮಾನ್ಯ ಜನರು ತಾವೇ ಬಂದು ಹೇಳಿಕೊಳ್ಳಲೆಂದೇ ಹುಟ್ಟಿದವು. ವಕೀಲರಲ್ಲದ ಅಧಿಕೃತ ಪ್ರತಿನಿಧಿಯೂ ಅಲ್ಲಿ ಹಾಜರಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿದೆ.

ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ದಾರಿ ಸುಗಮವೆಂದು ಭಾವಿಸಲಾಗದು. ಮೇಲ್ಮನವಿಗೆ ಕಾಲದ ಮಿತಿಯಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 41ನೆಯ ಪ್ರಕರಣದಂತೆ, ಜಿಲ್ಲಾ ಆಯೋಗದ ಆದೇಶದ ದಿನಾಂಕದಿಂದ 45 ದಿನಗಳೊಳಗೆ ಬೆಂಗಳೂರಿನಲ್ಲಿರುವ ರಾಜ್ಯ ಆಯೋಗಕ್ಕೆ ಮೇಲ್ಮನವಿಯನ್ನು ಸಲ್ಲಿಸಬೇಕು. ಹಿಂದಿನ 1986ರ ಅಧಿನಿಯಮದಲ್ಲಿ ಇದು 30 ದಿನಗಳಾಗಿತ್ತು. ತಡವಾದರೆ ತಕ್ಕ ಕಾರಣವನ್ನು ತೋರಿಸಿ ಮನ್ನಿಸಬೇಕೆಂದು ಬೇಡಬಹುದು. ಆದರೆ ಬೇಡುವವನ ಸ್ಥಾನಕ್ಕೆ ಇಳಿಯದಿರುವುದೇ ಲೇಸು. ನಮ್ಮ ಶಿಕ್ಷಕರಿಗೆ ಆಗಲೇ 20 ದಿನಗಳು ಕಳೆದಿವೆ. ಆದುದರಿಂದ ಮನೆಯ ಚರ್ಚೆ ಈ ವಾರದಲ್ಲಿಯೇ ಮುಗಿಯಬೇಕು.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಮೇಲ್ಮನವಿಯೆಂದರೆ ಕಥೆಯನ್ನು ಮೊದಲಿನಿಂದ ಮತ್ತೊಮ್ಮೆ ಹೇಳುವುದಲ್ಲ. ಕೆಳಗಿನ ಆದೇಶದಲ್ಲಿ ಎಲ್ಲಿ ತಪ್ಪಿದೆ ಎಂಬುದನ್ನು ಬೆರಳಿಟ್ಟು ತೋರಿಸುವುದು. ಸಂಹಿತೆಯ 41ನೆಯ ಆದೇಶದ 1ನೆಯ ನಿಯಮವು, ಆಕ್ಷೇಪಣೆಯ ಆಧಾರಗಳನ್ನು ಸಂಕ್ಷೇಪವಾಗಿ, ಬೇರೆ ಬೇರೆ ಶೀರ್ಷಿಕೆಗಳಲ್ಲಿ, ವಾದವನ್ನಾಗಲಿ ವೃತ್ತಾಂತವನ್ನಾಗಲಿ ಬೆರೆಸದೆ, ಕ್ರಮಸಂಖ್ಯೆ ಕೊಟ್ಟು ಬರೆಯಬೇಕೆನ್ನುತ್ತದೆ. ಗ್ರಾಹಕ ಆಯೋಗದಲ್ಲಿಯೂ ಈ ಮಾದರಿಯೇ ಒಳ್ಳೆಯದು. ಸ್ವತಃ ವಾದಿಸುವವರು ಎಡವುವುದು ಬಹುತೇಕ ಇಲ್ಲಿಯೇ. ನೊಂದವನಿಗೆ ತನ್ನ ನೋವೇ ಪ್ರಮಾಣವೆನಿಸುತ್ತದೆ. ನ್ಯಾಯಪೀಠಕ್ಕೆ ಬೇಕಾದುದು ಕಡತದ ಪುಟ.

ನಮ್ಮ ಶಿಕ್ಷಕರ ಕಡತದಲ್ಲಿ ಏನಿದೆ? ಕೀಲಿ ಕೊಟ್ಟುದನ್ನು ಕಣ್ಣಾರೆ ಕಂಡ ಸೋದರಳಿಯನು ಪ್ರಮಾಣಪತ್ರವನ್ನು ಸಲ್ಲಿಸಿದ್ದಾನೆ. ಆದೇಶದಲ್ಲಿ ಅದರ ಉಲ್ಲೇಖವೇ ಇಲ್ಲವೆಂದು ಪತ್ರ ತಿಳಿಸುತ್ತದೆ. ಕಾವಲುಗಾರನಿಂದ ಪ್ರಮಾಣಪತ್ರವನ್ನು ವಸತಿಗೃಹದವರು ಹಾಕಿಸಿಲ್ಲ. ಲಿಖಿತ, ಭುಕ್ತಿ, ಸಾಕ್ಷಿ ಎಂದು ಯಾಜ್ಞವಲ್ಕ್ಯನು ಮೂರು ಬಗೆಯ ಮಾನುಷ ಪ್ರಮಾಣಗಳನ್ನು ಹೇಳುತ್ತಾನೆ. ಲಿಖಿತವಿಲ್ಲವೆಂದ ಮಾತ್ರಕ್ಕೆ ಸಾಕ್ಷಿಯು ಅಳಿದುಹೋಗುವುದಿಲ್ಲ. ಇಂದಿನ ಕಾನೂನಿನಲ್ಲಿಯೂ ಹಾಗೆಯೇ. ಸಾಕ್ಷಿಯನ್ನು ಪರಿಶೀಲಿಸಿ ನಂಬಲಾಗದೆಂದು ಹೇಳಿದ್ದರೆ ಅದು ಬೇರೆ ಮಾತು. ಪರಿಶೀಲಿಸಲೇ ಇಲ್ಲವೆಂಬುದು ದೃಢವಾದ ಆಧಾರ. ಇದು ಮೊದಲನೆಯ ಅಂಶವಾಗಲಿ.

ಎರಡನೆಯದು ಗೋಡೆಯ ಫಲಕ. ಒಬ್ಬನ ವಸ್ತುವನ್ನು ಮರಳಿಸುವ ಕರಾರಿನ ಮೇಲೆ ಮತ್ತೊಬ್ಬನು ತನ್ನ ವಶಕ್ಕೆ ಪಡೆಯುವುದನ್ನು 1872ರ ಭಾರತೀಯ ಕರಾರು ಅಧಿನಿಯಮದ 148ನೆಯ ಪ್ರಕರಣವು ವಿವರಿಸುತ್ತದೆ. ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ಅವನು ವಹಿಸಬೇಕೆಂಬುದು 151ನೆಯ ಪ್ರಕರಣ. ನಮ್ಮ ಪೂರ್ವಿಕರು ಇದನ್ನು ನಿಕ್ಷೇಪ, ಉಪನಿಧಿ ಎಂದು ಕರೆದರು. ರಾಜನಿಂದ, ದೈವದಿಂದ, ಕಳ್ಳರಿಂದ ನಷ್ಟವಾದರೆ ಇಟ್ಟುಕೊಂಡವನು ಕೊಡಬೇಕಾಗಿಲ್ಲವೆಂದು ಸ್ಮೃತಿಯ ವಿಧಿ. ಇಂದಿನ ನಿಯಮ ಇನ್ನೂ ಬಿಗಿಯಾಗಿದೆ. ದೆಹಲಿಯ ತಾಜ್ ಮಹಲ್ ಹೋಟೆಲಿನ ಪ್ರಕರಣದಲ್ಲಿ, 1998ರಲ್ಲಿ ಅತಿಥಿಯೊಬ್ಬರು ನಿಲ್ಲಿಸಲೆಂದು ಸಿಬ್ಬಂದಿಗೆ ಒಪ್ಪಿಸಿದ ಕಾರು ಕಳವಾಗಿತ್ತು. ಮಾಲೀಕರ ಹೊಣೆಯೆಂದು ಚೀಟಿಯಲ್ಲಿ ಮುದ್ರಿಸಲಾಗಿತ್ತು. 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, ವಾಹನವನ್ನು ವಶಕ್ಕೆ ಪಡೆದ ಮೇಲೆ ತಾನು ತಕ್ಕ ಎಚ್ಚರ ವಹಿಸಿದ್ದೆನೆಂದು ತೋರಿಸುವ ಭಾರ ಹೋಟೆಲಿನದೇ, ತನ್ನ ಅಲಕ್ಷ್ಯವನ್ನು ಚೀಟಿಯ ಮರೆಯಲ್ಲಿ ಅಡಗಿಸಲಾಗದು ಎಂದು ಹೇಳಿತು. ಈ ತೀರ್ಪನ್ನು ನೀಡಿದ ಪೀಠದಲ್ಲಿ ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಅವರಿದ್ದರು. ಹಣವನ್ನು ಪ್ರತ್ಯೇಕವಾಗಿ ಪಡೆಯದಿದ್ದರೂ ಅತಿಥಿಯು ಕೊಡುವ ಬಾಡಿಗೆ, ಊಟದ ಹಣಗಳಲ್ಲಿಯೇ ಆ ಸೇವೆಯ ಪ್ರತಿಫಲವಡಗಿದೆ ಎಂಬುದೂ ಅಲ್ಲಿಯ ವಿಚಾರ.

ಆದರೆ ಒಂದು ಎಚ್ಚರಿಕೆ. ಇದೆಲ್ಲವೂ ಕೀಲಿಯೊಡನೆ ವಾಹನವನ್ನು ಒಪ್ಪಿಸಿದಾಗ ಮಾತ್ರ. ತಾನೇ ನಿಲ್ಲಿಸಿ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೋದವನಿಗೆ ಈ ತೀರ್ಪು ತಾನಾಗಿ ಆಸರೆಯಾಗದು. ಆದುದರಿಂದ ಮೊದಲನೆಯ ಅಂಶ ನಿಂತರೆ ಮಾತ್ರ ಎರಡನೆಯದು ನಿಲ್ಲುತ್ತದೆ. ವಾದದಲ್ಲಿ ಈ ಕ್ರಮವನ್ನು ಕೆಡಿಸಬಾರದು.

ಸೋದರಳಿಯನ ಫೋನಿನಲ್ಲಿ ಕಾವಲುಗಾರನು ಕಾರಿನಲ್ಲಿ ಕುಳಿತಿರುವ ಚಿತ್ರವೊಂದು ಈಗ ದೊರೆತಿದೆಯೆಂದು ಶಿಕ್ಷಕರು ಉತ್ಸಾಹದಿಂದ ಬರೆದಿದ್ದಾರೆ. ಇದನ್ನು ಕುರಿತು ನಿಷ್ಠುರವಾಗಿ ಹೇಳಬೇಕಾಗಿದೆ. ಮೇಲಿನ ಪೀಠವು ಹೊಸ ಸಾಕ್ಷ್ಯವನ್ನು ಸುಲಭವಾಗಿ ಸ್ವೀಕರಿಸುವುದಿಲ್ಲ. ತಕ್ಕ ಶ್ರಮ ವಹಿಸಿದ್ದರೂ ಆಗ ತನ್ನ ಅರಿವಿಗೆ ಬಂದಿರಲಿಲ್ಲ ಅಥವಾ ಹಾಜರುಪಡಿಸಲಾಗಲಿಲ್ಲ ಎಂಬುದನ್ನು ತೋರಿಸಬೇಕು. ಅದಕ್ಕಾಗಿ ಪ್ರತ್ಯೇಕ ಅರ್ಜಿಯನ್ನು ಸಲ್ಲಿಸಿ, ಚಿತ್ರವು ಯಾವಾಗ, ಹೇಗೆ ದೊರೆಯಿತೆಂಬ ನಿಜವನ್ನು ನಿಜವಾಗಿಯೇ ಬರೆಯಬೇಕು. ಫೋನಿನ ಚಿತ್ರಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣ ಹೇಳುವ ದೃಢೀಕರಣವನ್ನೂ ಜೊತೆಗಿಡುವುದು ಕ್ಷೇಮ. ಅರ್ಜಿ ತಿರಸ್ಕೃತವಾದರೂ ಮೇಲ್ಮನವಿ ನಿಲ್ಲುವಂತಿರಬೇಕು. ಚಿತ್ರವನ್ನೇ ನಂಬಿ ಕೂರಬಾರದು.

ವಿಚಾರಣೆಯ ದಿನದ ಶಿಸ್ತನ್ನೂ ಹೇಳುತ್ತೇನೆ. ಆದೇಶದ ದೃಢೀಕೃತ ಪ್ರತಿ, ದೂರು, ಉತ್ತರ, ಪ್ರಮಾಣಪತ್ರಗಳು, ದುರಸ್ತಿಯ ರಸೀದಿ, ಇವಿಷ್ಟಕ್ಕೂ ಒಂದೇ ಕ್ರಮದಲ್ಲಿ ಪುಟಸಂಖ್ಯೆ ಇರಲಿ. ಘಟನೆಗಳ ದಿನಾಂಕಗಳು ಒಂದೇ ಹಾಳೆಯಲ್ಲಿರಲಿ. ಐದು ನಿಮಿಷಗಳಲ್ಲಿ ಹೇಳಿ ಮುಗಿಸುವಂತೆ ಮನೆಯಲ್ಲಿ ಅಭ್ಯಾಸ ಮಾಡಿರಿ. ಎದುರಾಳಿ ಮಾತನಾಡುವಾಗ ನಡುವೆ ಬಾಯಿ ಹಾಕದೆ ಬರೆದುಕೊಳ್ಳಿರಿ. ಪೀಠದ ಪ್ರಶ್ನೆ ತಿಳಿಯದಿದ್ದರೆ ವಿನಯದಿಂದ ಮತ್ತೊಮ್ಮೆ ಕೇಳಿರಿ. ಒಂದು ದಿನಾಂಕವನ್ನೂ ತಪ್ಪಿಸಬೇಡಿರಿ. ಗೈರುಹಾಜರಿಯಿಂದಲೇ ಮೇಲ್ಮನವಿ ವಜಾ ಆಗಬಹುದು. ದೂರದ ಊರಿನವರು ವಿಡಿಯೊ ಮೂಲಕ ಹಾಜರಾಗಲು ಅನುಮತಿಯನ್ನು ಕೋರಬಹುದು. ಸ್ವತಃ ವಾದಿಸುವವನು ವಕೀಲರ ಮನೆಯ ಮೆಟ್ಟಿಲನ್ನು ಹತ್ತಲೇಬಾರದೆಂಬ ವ್ರತವೇನೂ ಇಲ್ಲ. ಮನವಿಯ ಕರಡನ್ನು ತಿಳಿದ ವಕೀಲರಿಗೆ ಒಮ್ಮೆ ತೋರಿಸಿ, ಅವರ ಶ್ರಮಕ್ಕೆ ತಕ್ಕ ಗೌರವಧನವನ್ನು ಸಲ್ಲಿಸಿ, ಆಮೇಲೆ ತಾನೇ ನಿಲ್ಲುವುದು ಜಾಣತನ.

ಇತರ ವಾಚಕರಿಗಾಗಿ ಒಂದು ಮಾತು. ಬೀದಿಯಲ್ಲಿ ನಿಂತ ಕಾರಿಗೆ ಮತ್ತೊಂದು ವಾಹನ ಗುದ್ದಿದರೆ ದಾರಿಯೇ ಬೇರೆ. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗತಕ್ಕದ್ದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅರ್ಜಿಗೆ ಆರು ತಿಂಗಳ ಅವಧಿಯನ್ನು ಹೇಳಿದೆಯಾದುದರಿಂದ ವಿಳಂಬ ಸಲ್ಲದು. ಅಲ್ಲಿಂದ ಮೇಲ್ಮನವಿ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ. ವಿವಾದದ ಮೊತ್ತ 1 ಲಕ್ಷ ರೂಪಾಯಿಗಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವೇ ಇಲ್ಲ. ಎಂದರೆ ಅಂಥ ಸಣ್ಣ ಹಾನಿಯಲ್ಲಿ ಮೊದಲ ಮೆಟ್ಟಿಲೇ ಕೊನೆಯ ಮೆಟ್ಟಿಲು. ಇದ್ದ ಸಾಕ್ಷ್ಯವನ್ನೆಲ್ಲ ಅಲ್ಲಿಯೇ ಇಡಬೇಕು.

ಇನ್ನು ಉಚಿತವೇ ಎಂಬ ಪ್ರಶ್ನೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಮಗನು ನೆನೆದಿರಬಹುದು. ಅವನ ಮಾತು ನಿರ್ಲಕ್ಷ್ಯದ್ದಲ್ಲ, ತಂದೆಯ ಆರೋಗ್ಯದ ಕಾಳಜಿಯದು. ಕುಲ, ಶ್ರೇಣಿ, ಪೂಗ, ರಾಜನು ನೇಮಿಸಿದವರು ಎಂದು ಒಂದಕ್ಕಿಂತ ಒಂದು ಮೇಲಾದ ನಿರ್ಣಯಸ್ಥಾನಗಳನ್ನು ಹೇಳಿದ ಯಾಜ್ಞವಲ್ಕ್ಯನೇ, ನ್ಯಾಯವಾಗಿ ಸೋತಿದ್ದರೂ ಸೋತಿಲ್ಲವೆಂದು ಹಟ ಹಿಡಿದು ಬಂದವನು ಮತ್ತೆ ಸೋತರೆ ಎರಡರಷ್ಟು ದಂಡವನ್ನು ತೆರಬೇಕೆಂದೂ ವಿಧಿಸಿದ್ದಾನೆ. ಮೇಲಿನ ಬಾಗಿಲು ತಪ್ಪನ್ನು ತಿದ್ದಲು ಇರುವುದು, ಅಭಿಮಾನವನ್ನು ತಣಿಸಲು ಅಲ್ಲ.

ಆದುದರಿಂದ ಶಿಕ್ಷಕರು ಒಂದು ಪರೀಕ್ಷೆಯನ್ನು ಮಾಡಿಕೊಳ್ಳಲಿ. ಆದೇಶದ ಪ್ರತಿಯನ್ನು ಮಗನ ಕೈಗೆ ಕೊಟ್ಟು ಓದಿಸಲಿ. ಸೋದರಳಿಯನ ಪ್ರಮಾಣಪತ್ರವನ್ನು ಆಯೋಗವು ನಿಜವಾಗಿಯೂ ಬಿಟ್ಟಿದೆಯೇ ಎಂದು ಅವನೇ ಹುಡುಕಲಿ. ಒಂದೆಡೆಯಾದರೂ ಅದನ್ನು ಪರಿಶೀಲಿಸಿ, ಕಾರಣ ಕೊಟ್ಟು ತಳ್ಳಿಹಾಕಿದ್ದರೆ, 46,000 ರೂಪಾಯಿಯನ್ನು ಮರೆತು ನೆಮ್ಮದಿಯನ್ನು ಉಳಿಸಿಕೊಳ್ಳುವುದು ಮೇಲು. ಬಿಟ್ಟಿರುವುದು ನಿಜವಾದರೆ ಮೇಲ್ಮನವಿಗೆ ಅಂಜಬೇಕಾಗಿಲ್ಲ. ಮಗನೇ ಪುಟಸಂಖ್ಯೆ ಹಾಕಿಕೊಟ್ಟು ಜೊತೆಯಲ್ಲಿ ಹೋಗಲಿ. ನಡುವೆ ರಾಜಿಯ ಮಾತು ಬಂದರೆ ದುರಸ್ತಿಯ ಹಣದೊಡನೆ "ದೂರು ಸುಳ್ಳು" ಎಂಬ ಮಾತನ್ನು ಹಿಂತೆಗೆದುಕೊಳ್ಳಬೇಕೆಂದೂ ಕೇಳಲಿ. ಅವರಿಗೆ ನೋವಾದುದು ಬಾಗಿಲಿಗಿಂತ ಆ ಮಾತಿನಿಂದಲ್ಲವೇ?

ಉಳಿದವರು ಇಷ್ಟನ್ನು ನೆನಪಿಡಿರಿ. ಕೀಲಿಯನ್ನು ಕೊಡುವಾಗ ಚೀಟಿಯನ್ನು ಕೇಳಿ ಪಡೆಯಿರಿ. ಹಾನಿ ಕಂಡೊಡನೆ, ವಾಹನವನ್ನು ಕದಲಿಸುವ ಮೊದಲು ಚಿತ್ರವನ್ನು ತೆಗೆಯಿರಿ. ಸಿಸಿಟಿವಿಯ ದೃಶ್ಯವನ್ನು ಅಳಿಸದೆ ಕಾದಿಡಬೇಕೆಂದು ಅಂದೇ ಬರೆದುಕೊಟ್ಟು ಸ್ವೀಕೃತಿಯನ್ನು ಪಡೆಯಿರಿ. ಅಂದಿನ ಐದು ನಿಮಿಷಗಳ ಎಚ್ಚರವು ಮುಂದಿನ ಐದು ವರ್ಷಗಳ ಅಲೆದಾಟವನ್ನು ತಪ್ಪಿಸೀತು.