ಟರ್ಬೊ ಹೋಯ್ತು ಅನ್ನೋ ಮೊದಲು ಪೈಪ್ ನೋಡ್ರಪ್ಪಾ

ನಮ್ಮ ಕಡೆ ಕಾರಿನ ಪಿಕಪ್ ಬಿತ್ತು ಅಂದ್ರೆ ಸಾಕು, ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತೆ: 'ಟರ್ಬೊ ಹೋಗಿದೆ ಸಾರ್.' ಯಾವುದರಿಂದ ಅಳೆದ್ರಿ, ಎಷ್ಟು ಬಂತು ಅಂತ ಕೇಳಿದರೆ ಮುಖ ಊದಿಸಿಕೊಳ್ಳುತ್ತಾರೆ. ನಾನು ಕೇಳಿದೆ. ಅದಕ್ಕೇ ಇದನ್ನ ಬರೀತಾ ಇದೀನಿ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಲಕ್ಷ ಕಿಲೋಮೀಟರ್ ದಾಟಿದ ನನ್ನ ಡೀಸೆಲ್ ಕಾರಿಗೆ ರೀಮ್ಯಾಪ್ ಮಾಡಿಸಿದ್ದೆ. ಅಂದ್ರೆ ಇಂಜಿನ್ನಿನ ಕಂಪ್ಯೂಟರಿನಲ್ಲಿರುವ ಲೆಕ್ಕ ಬದಲಾಯಿಸಿ, ಟರ್ಬೊ ಇನ್ನಷ್ಟು ಒತ್ತಡದಲ್ಲಿ ಗಾಳಿ ನೂಕುವ ಹಾಗೆ, ಅದಕ್ಕೆ ತಕ್ಕಂತೆ ಡೀಸೆಲ್ ಜಾಸ್ತಿ ಸುರಿಯುವ ಹಾಗೆ ಮಾಡೋದು. ಆ ಹೆಚ್ಚುವರಿ ಒತ್ತಡಕ್ಕೇ ಬೂಸ್ಟ್ ಅನ್ನೋದು. ಹಾಲಿಗೆ ಹಾಕ್ಕೊಂಡು ಕುಡಿಯೋ ಬೂಸ್ಟ್ ಅಲ್ಲ. ಮೊದಲ ಮೂರು ತಿಂಗಳು ಸ್ವರ್ಗ. ಬಿ.ಎಚ್. ರಸ್ತೆಯಲ್ಲಿ ನನ್ನನ್ನ ಹಿಡಿಯೋರೇ ಇಲ್ಲ ಅಂತ ಬೀಗಿದ್ದೆ.

ನಾಲ್ಕನೇ ತಿಂಗಳು, ಬೇಲೂರಲ್ಲಿ ನೆಂಟರ ಮನೆ ಗೃಹಪ್ರವೇಶ. ಅರಸೀಕೆರೆ ಬಿಟ್ಟು ಬಾಣಾವರ, ಜಾವಗಲ್ ದಾಟಿ ಹಳೇಬೀಡಿನ ಕಡೆ ಹೊರಟಿದ್ವಿ. ಹಿಂದಿನ ಸೀಟಲ್ಲಿ ಅಮ್ಮ, ತಂಗಿ, ಅವಳ ಮಗು. ಮುಂದೆ ತೆಂಗಿನಕಾಯಿ ಲಾರಿ. ಹಿಂದೆ ಹಾಕೋಣ ಅಂತ ಬಲಕ್ಕೆ ತೆಗೆದು ಆಕ್ಸಲರೇಟರ್ ಒತ್ತಿದೆ. ಲಾರಿಯ ಅರ್ಧಕ್ಕೆ ಬಂದಿದ್ದೆ, 'ಸುಯ್ಯ್' ಅಂತ ಸದ್ದು, ಹಿಂದೆ ಕಪ್ಪು ಹೊಗೆ, ಮೀಟರಿನಲ್ಲಿ ಹಳದಿ ದೀಪ. ಎಷ್ಟು ಒತ್ತಿದರೂ ಕಾರು ಮುಂದಕ್ಕೆ ಹೋಗಲೊಲ್ಲದು. ಎದುರಿಗೆ ಬಸ್ಸು. ಬ್ರೇಕ್ ಒತ್ತಿ ಮತ್ತೆ ಲಾರಿಯ ಹಿಂದೆ ತೂರಿಕೊಂಡೆ. ಬಸ್ಸಿನ ಡ್ರೈವರ್ ಬೈದದ್ದು ಕೇಳಿಸಲಿಲ್ಲ, ಆದರೆ ಬೈದಿರಬೇಕು. ಅಮ್ಮ ಬೇಲೂರು ಬರೋವರೆಗೂ ಮಾತಾಡಲಿಲ್ಲ.

ಹಳೇಬೀಡಲ್ಲಿ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದೆ. ಪಿಕಪ್ ವಾಪಸ್! ದೊಡ್ಡ ಮೋಸ ಇರೋದು ಇಲ್ಲೇ. ಕೇಳಿದ ಒತ್ತಡ ಬರದಿದ್ದಾಗ ಕಂಪ್ಯೂಟರ್ ಇಂಜಿನ್ ಉಳಿಸಲು ಡೀಸೆಲ್ ಕಡಿಮೆ ಮಾಡುತ್ತೆ. ಕೀ ತಿರುಗಿಸಿದರೆ ಅದು ಇನ್ನೊಂದು ಅವಕಾಶ ಕೊಡುತ್ತೆ, ಅಷ್ಟೇ. ಕಾಯಿಲೆ ಇದ್ದಲ್ಲೇ ಇರುತ್ತೆ, ಮುಂದಿನ ಓವರ್‌ಟೇಕಿಗೆ ಕಾಯ್ತಾ.

ಮರುದಿನ ಒಂದು ವರ್ಕ್‌ಶಾಪಿಗೆ ಹೋದೆ. ಸ್ಕ್ಯಾನರ್ ಚುಚ್ಚಿದರು. ಪಿ 0299 ಅಂತ ಕೋಡ್ ಬಂತು. ಐದು ನಿಮಿಷದಲ್ಲಿ ತೀರ್ಪು: ಟರ್ಬೊ ಹೋಗಿದೆ, 42,000 ರೂಪಾಯಿ. ಸ್ವಾಮಿ, ಆ ಕೋಡಿನ ಅರ್ಥ 'ಬೂಸ್ಟ್ ಕಡಿಮೆ' ಅಂತ ಮಾತ್ರ. ಜ್ವರ ಇದೆ ಅಂತ ಥರ್ಮಾಮೀಟರ್ ಹೇಳಿದರೆ ಕಿಡ್ನಿ ಬದಲಾಯಿಸ್ತೀರಾ? ರೀಮ್ಯಾಪ್ ಮಾಡಿದವನಿಗೆ ಫೋನ್ ಮಾಡಿದೆ. ಅವನು ಇನ್ನೂ ಒಂದು ಕೈ ಮೇಲೆ: 'ಬನ್ನಿ ಸಾರ್, ಆ ಕೋಡೇ ಬರದ ಹಾಗೆ ಮಾಡಿಕೊಡ್ತೀನಿ.' ಮನೆಗೆ ಬೆಂಕಿ ಬಿದ್ದಾಗ ಕೂಗೋ ನಾಯಿಯ ಬಾಯಿ ಕಟ್ಟೋದು ಅಂದ್ರೆ ಇದೇ.

ಕೊನೆಗೆ ಅರಸೀಕೆರೆಯ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಮೊದಲು ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಬೂಸ್ಟ್ ಸೆನ್ಸರ್ ಏನು ಹೇಳುತ್ತೆ ನೋಡಿದರು. ಇಂಜಿನ್ ನಿಂತಿದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಅದು ಸುಮಾರು 1013 ಮಿಲಿಬಾರ್. ಅರಸೀಕೆರೆ, ಬೇಲೂರಿನಂಥ ಎತ್ತರದ ಊರಲ್ಲಿ ಸುಮಾರು 900ರಿಂದ 920. ಬೇರೇನೋ ತೋರಿಸಿದರೆ ಸೆನ್ಸರೇ ಸುಳ್ಳು ಹೇಳ್ತಿದೆ ಅಂತ. ಇನ್ನೊಂದು ಮಾತು: ಇಲ್ಲಿನ ಗಾಳಿ ತೆಳು, ಹಾಗಾಗಿ ಅದೇ ಒಟ್ಟು ಒತ್ತಡ ತರಲು ಟರ್ಬೊ ಜಾಸ್ತಿ ತಿರುಗಬೇಕು. ಬೇರೆ ಊರಿನ ಕಾರಿಗೆ ಬರೆದ ಫೈಲನ್ನ ಕಣ್ಣುಮುಚ್ಚಿ ತುಂಬೋರಿಗೆ ಇದು ಹೊಳೆಯೋದೇ ಇಲ್ಲ.

ಆಮೇಲೆ ಟರ್ಬೊದಿಂದ ಹೊರಡುವ ಪೈಪ್ ಬಿಚ್ಚಿ, ಬಾತ್‌ರೂಮ್ ಪೈಪಿನ ಒಂದು ಮುಚ್ಚಳಕ್ಕೆ ಟೈರಿನ ವಾಲ್ವ್ ಕೂರಿಸಿ, ಅದನ್ನ ಪೈಪಿನ ಬಾಯಿಗೆ ಬಿಗಿದರು. ಪಂಚರ್ ಅಂಗಡಿಯಿಂದ ತಂದ ಪಂಪಿನಲ್ಲಿ ಮೆಲ್ಲಗೆ ಗಾಳಿ ಬಿಟ್ಟರು, 15 ಪಿಎಸ್‌ಐ ದಾಟಿಸಲಿಲ್ಲ. ಮೇಲೆ ಸೋಪಿನ ನೀರು. ಇಂಟರ್‌ಕೂಲರಿನ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ, ನೊರೆ ಎದ್ದಿತು. ರಬ್ಬರ್ ಹೋಸ್ ಸೀಳಿತ್ತು, ಕ್ಲಾಂಪ್ ಸಡಿಲ. ಮಾಮೂಲಿ ಒತ್ತಡಕ್ಕೆ ತಡೆದುಕೊಂಡಿದ್ದ ಹಳೇ ರಬ್ಬರ್ ನನ್ನ ಹೊಸ ಚಪಲಕ್ಕೆ ಬಾಯಿ ಬಿಟ್ಟಿತ್ತು. ಅಳೆದ ಗಾಳಿ ದಾರಿಯಲ್ಲೇ ಸೋರಿಹೋಗಿ, ಡೀಸೆಲ್ ಮಾತ್ರ ಪೂರ್ತಿ ಬಿದ್ದರೆ ಕಪ್ಪು ಹೊಗೆ ಬಾರದೆ ಇನ್ನೇನು? ಹೋಸ್, ಕ್ಲಾಂಪ್, ಕೂಲಿ ಎಲ್ಲ ಸೇರಿ 1,900 ರೂಪಾಯಿ.

ಹೋಸ್ ಸರಿ ಇದ್ದಿದ್ದರೆ? ಆಗಲೂ ನೇರ ಟರ್ಬೊಗೆ ಹಾರಬೇಕಿಲ್ಲ. ಆಕ್ಚುವೇಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪು ನೋಡಿ. ಕೈಪಂಪಿನಲ್ಲಿ ಎಳೆದು ಕಡ್ಡಿ ಸಲೀಸಾಗಿ ಆಡುತ್ತಾ ನೋಡಿ. ಒಳಗಿನ ರೆಕ್ಕೆ ತಿರುಗುವ ಟರ್ಬೊ ಆದರೆ ಮಸಿ ಕಟ್ಟಿ ಸಿಕ್ಕಿಹಾಕಿಕೊಂಡಿದೆಯಾ ನೋಡಿ. ಕೊನೆಗೆ ಶಾಫ್ಟ್ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೊಂಚ ಆಡಿದರೆ ಸಹಜ. ಹಿಂದೆ ಮುಂದೆ ಆಡಿದರೆ, ರೆಕ್ಕೆ ಗೋಡೆಗೆ ಉಜ್ಜಿದರೆ, ಆಗ ಹೇಳಿ ಹೋಗಿದೆ ಅಂತ. ಯಾಕೆ ಹೋಯ್ತು ಅಂತಲೂ ಹೇಳಿ. ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಮಿಕ್ಕಿ ಸುತ್ತುವ ವಸ್ತು ಅದು. ಆಯಿಲ್ ಪೈಪ್ ಕಟ್ಟಿಕೊಂಡಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತೆ.

ಮೆಕ್ಯಾನಿಕ್‌ಗಳನ್ನು ಮಾತ್ರ ಬೈದರೆ ಅನ್ಯಾಯ. ಎರಡು ಗಂಟೆ ಕೂತು ಹುಡುಕಿದ್ದಕ್ಕೆ 500 ರೂಪಾಯಿ ಕೇಳಿದರೆ 'ಬರೀ ನೋಡಿದ್ದಕ್ಕೆ ಇಷ್ಟಾ?' ಅಂತೀವಿ. ಡಬ್ಬಿಯಲ್ಲಿ ಬಂದ ಪಾರ್ಟಿಗೆ 42,000 ಕೊಡ್ತೀವಿ, ಬಿಲ್ ಇದೆಯಲ್ಲ ಅಂತ. ಹುಡುಕೋ ಕೆಲಸಕ್ಕೆ ನಾವು ಕಾಸು ಕೊಡಲ್ಲ, ಅದಕ್ಕೇ ಅವರು ಹುಡುಕಲ್ಲ. ಸಾಲ ಮಾಡಿ ಟ್ಯಾಕ್ಸಿ ಓಡಿಸೋ ಹುಡುಗರನ್ನ ಕೇಳಿ ನೋಡಿ, ಈ 42,000 ಅಂದ್ರೆ ಎಷ್ಟು ತಿಂಗಳ ಕಂತು ಅಂತ.

ರೀಮ್ಯಾಪ್ ಪ್ರಿಯರಿಗೂ ಒಂದು ಮಾತು. ಫಿಯೆಟ್‌ನ 1248 ಸಿಸಿ ಡೀಸೆಲ್ ಇಂಜಿನ್ ನಮ್ಮ ರಸ್ತೆಗಳಲ್ಲಿ ತುಂಬಿಹೋಗಿದೆ. ಅದೇ ಇಂಜಿನ್ ಸ್ವಿಫ್ಟ್‌ನಲ್ಲಿ 75 ಅಶ್ವಶಕ್ತಿ ಕೊಟ್ಟರೆ ಎರ್ಟಿಗಾದಲ್ಲಿ 90 ಕೊಡುತ್ತಿತ್ತು. ಆ 15ಕ್ಕಾಗಿ ಕಂಪನಿಯವರು ಬೇರೆ ಜಾತಿಯ ಟರ್ಬೊವನ್ನೇ ಹಾಕಿದರು. ಅದನ್ನೇ ನಮ್ಮೋರು ಲ್ಯಾಪ್‌ಟಾಪ್ ಹಿಡಿದು ಅರ್ಧ ಗಂಟೆಯಲ್ಲಿ ಕೊಡ್ತೀನಿ ಅಂತಾರೆ, ಹಳೇ ಹೋಸ್ ಮುಟ್ಟಿಯೂ ನೋಡಲ್ಲ. ನಾವು ಖುಷಿಯಾಗಿ ತಲೆ ಒಡ್ತೀವಿ. ನಾನೂ ಒಡ್ಡಿದ್ದೆ. ಈಗ ಹಳೇ ಫೈಲ್ ವಾಪಸ್ ಹಾಕಿಸಿದೀನಿ, ಅಮ್ಮ ಮತ್ತೆ ಕಾರು ಹತ್ತುತ್ತಾರೆ.

ಮುಂದಿನ ಸಲ ಯಾರಾದ್ರೂ 'ಟರ್ಬೊ ಹೋಗಿದೆ ಸಾರ್' ಅಂದ್ರೆ ಜಗಳ ಆಡಬೇಡಿ. ಒಂದೇ ಪ್ರಶ್ನೆ ಕೇಳಿ: ಕಂಪ್ಯೂಟರ್ ಕೇಳಿದ ಬೂಸ್ಟ್ ಎಷ್ಟು, ಬಂದದ್ದು ಎಷ್ಟು, ಮಧ್ಯೆ ಎಲ್ಲಿ ಸೋರಿತು? ಉತ್ತರ ಅಂಕಿಯಲ್ಲಿ ಬರದಿದ್ದರೆ ಕೀ ವಾಪಸ್ ಇಸ್ಕೊಂಡು ಬನ್ನಿ.